ಮೇನ್ ಇಳಿಸಿ ಬಲ್ಬು ಕಾಯ್ದ ಮಧ್ಯಾಹ್ನ

ದೀಪ ಹಾಕಿದ ಕೂಡಲೇ ಕೈಮುಗಿಯುವುದು ನನಗೆ ಚಿಕ್ಕಂದಿನಿಂದ ಬಂದ ರೂಢಿ. ದೇವರ ಮುಂದಿನ ಎಣ್ಣೆದೀಪಕ್ಕೆ ಮಾತ್ರವಲ್ಲ, ಗೋಡೆಯ ಗುಂಡಿ ಒತ್ತಿದಾಗ ಹತ್ತುವ ಬಲ್ಬಿಗೂ. ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಸಂಜೆ ಮಾತಿನ ನಡುವೆ ಯಾರಾದರೂ ಲೈಟು ಹಾಕಿದರೆ, ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಬಲ್ಬಿನ ಕಡೆ ತಿರುಗಿ ಕೈಜೋಡಿಸಿ, ಬಿಟ್ಟ ಮಾತನ್ನು ಮತ್ತೆ ಎತ್ತಿಕೊಳ್ಳುವುದು. ಜಗಳವಾಡುತ್ತಿದ್ದರೂ ಅಷ್ಟೇ. ಇಂಗ್ಲಿಷರ ನಾಡಿಗೆ, ಹಡರ್ಸ್‌ಫೀಲ್ಡಿನ ಈ ಮನೆಗೆ ಬಂದ ಮೇಲೂ ನನ್ನ ಕೈ ತಾನಾಗಿಯೇ ಮೇಲೇಳುತ್ತಿತ್ತು. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನದ ಚಹಾ ಕುಡಿಯುವಷ್ಟರಲ್ಲಿ ಕತ್ತಲು. ಉಂಡ ಅನ್ನ ಅರಗುವ ಮೊದಲೇ ಕೈಮುಗಿಯಬೇಕಾಗುತ್ತಿತ್ತು.

ಪುಟ್ಟಿ, ಹಾಗೆ ಒಂದು ಸಂಜೆ ನೀನು ಸೋಫಾದ ಮೇಲೆ ತಲೆಕೆಳಗಾಗಿ ಮಲಗಿಕೊಂಡು ನನ್ನನ್ನು ನೋಡುತ್ತಿದ್ದೆ. ನೀನೂ ನಿನ್ನ ತಮ್ಮನೂ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತೀರಿ. ಆ ಮಾತುಗಳನ್ನು ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

"ಅಜ್ಜಿ, ಯಾರಿಗೆ ನಮಸ್ತೆ ಮಾಡ್ತಿದೀಯ?"

"ದೀಪಕ್ಕ ಮಾಡ್ತೀನವಾ."

"ಅದು ಬರೀ ಎಲೆಕ್ಟ್ರಿಸಿಟಿ."

"ಎಲೆಕ್ಟ್ರಿಸಿಟಿ ಗ್ಯಾಸಿಂದ ಮಾಡೋದು," ಎಂದ ನಿನ್ನ ತಮ್ಮ. "ಅಜ್ಜಿ ಗ್ಯಾಸಿಗೆ ನಮಸ್ತೆ ಮಾಡ್ತಾಳೆ!"

ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. ನಾನೂ ನಕ್ಕೆ. ಆದರೆ ರಾತ್ರಿ ರೊಟ್ಟಿ ಬಡಿಯುವಾಗಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಇಷ್ಟು ವರ್ಷ ಕೈಮುಗಿದಿದ್ದೇನೆ, ಆಚೆ ಕಡೆ ಯಾರಿದ್ದಾರೆ ಎಂದು ಒಮ್ಮೆಯೂ ಕೇಳಿರಲಿಲ್ಲವಲ್ಲ!

ಅದರಲ್ಲೂ ನಾನು ಕೇಳಬೇಕಾಗಿತ್ತು. ಏಕೆಂದರೆ ನಿಮ್ಮ ಅಜ್ಜ ಗದಗ ಸೀಮೆಯ ನಮ್ಮೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಮ್ಮ ಮನೆಯ ಹೊಟ್ಟೆ ತುಂಬುತ್ತಿದ್ದುದೇ ಕರೆಂಟಿನಿಂದ. ಊರಿಗೆ ಕರೆಂಟು ಎರಡು ಬಗೆಯಲ್ಲಿ ಬರುತ್ತಿತ್ತು. ಮನೆಯ ಬಲ್ಬಿಗೆ ಒಂದು ತಂತಿಯ ಕರೆಂಟು ಸಾಕು. ಗಿರಣಿಯ ಮೋಟರಿಗೆ ಮೂರು ತಂತಿಯದ್ದು ಬೇಕು, ಅದಕ್ಕೆ ತ್ರೀ ಫೇಸು ಎನ್ನುತ್ತಿದ್ದರು. ಅದು ದಿನಕ್ಕೆ ಕೆಲವು ಗಂಟೆ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ. ತ್ರೀ ಫೇಸು ಬಂತೆಂದರೆ ಜೋಳದ ಬುಟ್ಟಿ ಹೊತ್ತ ಹೆಂಗಸರು ಎಲ್ಲಿದ್ದರೂ ಓಡಿ ಬರುತ್ತಿದ್ದರು.

ಆ ಮೂರು ತಂತಿಗಳಲ್ಲಿ ಒಂದು ಕೈಕೊಟ್ಟರೆ ಮೋಟರು ತಿರುಗಲಾರದೆ ಗುಂಯ್ ಎಂದು ನರಳಿ ಸುಟ್ಟುಹೋಗುತ್ತಿತ್ತು. ಹಾಗಾಗುವ ಮೊದಲು ಬಲ್ಬು ಕಣ್ಣು ಮಿಟುಕಿಸುತ್ತದೆ. ಬಲ್ಬು ಮಿಟುಕಿಸಿದ ಕೂಡಲೇ ನಿಮ್ಮ ಅಜ್ಜ ಮಾಡುತ್ತಿದ್ದ ಕೆಲಸ ಬಿಟ್ಟು ಗಿರಣಿಯ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆಯುತ್ತಿದ್ದರು. "ಲೈನ್ ಸರಿ ಇಲ್ಲ, ಬಲ್ಬ್ ನೋಡ್ಕೋಂತ ಕುಂದ್ರು!" ಎಂದು ನನಗೆ ಕೂಗುತ್ತಿದ್ದರು. ನನ್ನ ಕೆಲಸ ಅದು. ಪಡಸಾಲೆಯ ಬಲ್ಬಿನ ಕೆಳಗೆ ಕಾಳು ಹಸನು ಮಾಡುತ್ತ ಕುಳಿತು, ಬೆಳಕು ನೆಟ್ಟಗೆ ನಿಂತಿತು ಎಂದು ಕಂಡಾಗ ಗಿರಣಿಗೆ ಕೇಳಿಸುವ ಹಾಗೆ "ಬಂತು!" ಎಂದು ಕೂಗುವುದು. ನಾನು ನಾಲ್ಕು ಜನರ ಮುಂದೆ ಬಾಯಿ ಬಿಡದ ಹೆಂಗಸು. ಅತ್ತೆಯ ಮನೆಯಲ್ಲಿ ನಾನು ಎತ್ತರದ ದನಿಯಲ್ಲಿ ಆಡುತ್ತಿದ್ದ ಮಾತು ಅದೊಂದೇ.

ಇಷ್ಟಾದರೂ ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಊರ ಹೊರಗಿನ ಟಿಸಿಯಿಂದ ಎನ್ನುತ್ತಿದ್ದೆವು. ಟಿಸಿ ಎಂದರೆ ಕಂಬಗಳ ಮೇಲೆ ಕೂರಿಸಿದ ಕಬ್ಬಿಣದ ಪೆಟ್ಟಿಗೆ, ಟ್ರಾನ್ಸ್‌ಫಾರ್ಮರು. ಅದರಾಚೆಗೆ ನಮ್ಮ ಜ್ಞಾನ ಹೋಗುತ್ತಿರಲಿಲ್ಲ. ನಿಮ್ಮ ಅಜ್ಜ ಇರುವಾಗಲೇ ನಮ್ಮ ಗುಡ್ಡದ ಸಾಲಿನ ಮೇಲೆ ಬಿಳಿ ರೆಕ್ಕೆಗಳ ಗಾಳಿಯಂತ್ರಗಳು ಎದ್ದವು. ಊರಿನವರು ಅವನ್ನು ಗಾಳಿಗಿರಣಿ ಎಂದು ಕರೆದರು. ನಿಮ್ಮ ಅಜ್ಜ ಅಂಗಳದಲ್ಲಿ ನಿಂತು ನೋಡಿ, "ಬೀಸೂದೇನೋ ಬೀಸ್ತಾವ. ಹಿಟ್ಟು ಎಲ್ಲಿ ಬೀಳ್ತದ?" ಎಂದು ಕೇಳಿದ್ದರು.

ಈ ಕತೆಯನ್ನು ನಿಮ್ಮ ಅಪ್ಪನಿಗೆ ಹೇಳಿದ್ದು ಸಮುದ್ರ ನೋಡಲು ಕಾರಿನಲ್ಲಿ ಪೂರ್ವದ ಕಡೆ ಹೊರಟ ದಿನ. ಲೀಡ್ಸ್ ದಾಟಿದ ಮೇಲೆ ಬಯಲಿನಲ್ಲಿ ದೊಡ್ಡ ದೊಡ್ಡ ಗಡಿಗೆಗಳನ್ನು ಸಾಲಾಗಿ ಇಟ್ಟ ಹಾಗೆ ಏನೋ ಕಂಡಿತು. ಬಾಯಿಂದ ಬಿಳಿ ಹಬೆ ಏಳುತ್ತಿತ್ತು. ಯಾರದೋ ದೊಡ್ಡ ಮದುವೆಯ ಅಡುಗೆ ನಡೆದಿದೆ ಎನ್ನಬೇಕು.

"ಅದು ಪವರ್ ಸ್ಟೇಷನ್ ಅತ್ತೆ," ಎಂದರು ನಿಮ್ಮ ಅಪ್ಪ. ಅವರು ಮೈಸೂರಿನವರು, ಕಂಪ್ಯೂಟರ್ ಕೆಲಸದವರು, ಏನು ಕೇಳಿದರೂ ಬೇಸರವಿಲ್ಲದೆ ಹೇಳುತ್ತಾರೆ. "ಮೊದಲು ಅಲ್ಲಿ ಕಲ್ಲಿದ್ದಲು ಸುಡ್ತಿದ್ರು. ಈಗ ಈ ದೇಶದಲ್ಲಿ ಕರೆಂಟಿಗೆ ಕಲ್ಲಿದ್ದಲು ಸುಡೋದನ್ನೇ ಬಿಟ್ಟಿದ್ದಾರೆ. ಅಲ್ಲಿ ಈಗ ಕಟ್ಟಿಗೆ ಉಂಡೆ ಸುಡ್ತಾರೆ, ಹಡಗಲ್ಲಿ ಬರುತ್ತೆ."

"ಕಟ್ಟಿಗಿ ಸುಟ್ರ ಕರೆಂಟ್ ಹೆಂಗ ಆಗ್ತದ?"

"ನೀರು ಕಾಯುತ್ತೆ. ಹಬೆ ಬರುತ್ತೆ. ಹಬೆ ರಭಸಕ್ಕೆ ಚಕ್ರ ತಿರುಗುತ್ತೆ. ಚಕ್ರ ತಿರುಗಿದ್ರೆ ಕರೆಂಟು."

"ಮತ್ತ ಅಣು ಸ್ಥಾವರ ಅಂತಾರಲ್ಲ?"

"ಅದೂ ನೀರು ಕಾಯಿಸೋದೇ. ಒಲೆ ಬೇರೆ ಅಷ್ಟೆ. ಅಣೆಕಟ್ಟಲ್ಲಿ ಬೀಳೋ ನೀರೇ ಚಕ್ರ ತಿರುಗಿಸುತ್ತೆ. ಗಾಳಿಯಂತ್ರದಲ್ಲಿ ಗಾಳಿ. ಅತ್ತೆ, ಮಾವನ ಗಿರಣಿ ಇತ್ತಲ್ಲ? ಕರೆಂಟು ಒಳಗೆ ಹೋಗಿ ಮೋಟರು ತಿರುಗ್ತಿತ್ತು. ಅದನ್ನೇ ಉಲ್ಟಾ ಮಾಡಿ. ಮೋಟರನ್ನ ಹೊರಗಿನಿಂದ ಯಾರಾದ್ರೂ ತಿರುಗಿಸಿದ್ರೆ ಕರೆಂಟು ಹೊರಗೆ ಬರುತ್ತೆ. ಅಷ್ಟೇ ಪವರ್ ಸ್ಟೇಷನ್."

ನಾನು ಕಿಟಕಿಯಿಂದ ಆ ಗಡಿಗೆಗಳನ್ನು ಕಣ್ಮರೆಯಾಗುವವರೆಗೂ ನೋಡಿದೆ. ಹಾಗಾದರೆ ಎಲ್ಲವೂ ಗಿರಣಿಯೇ! ನಮ್ಮ ಗಿರಣಿ ತಿರುಗಲೆಂದು ಎಲ್ಲೋ ಇನ್ನೊಂದು ಗಿರಣಿ ತಿರುಗುತ್ತಿತ್ತು. ಗುಡ್ಡದ ಮೇಲಿನ ರೆಕ್ಕೆಗಳ ಹಿಟ್ಟು ಎಲ್ಲಿ ಬೀಳುತ್ತದೆ ಎಂದು ಕೇಳಿದ ಮನುಷ್ಯನ ಕಾಲ ಬುಡದಲ್ಲೇ ಅದು ಬೀಳುತ್ತಿತ್ತು. ಇದನ್ನು ಅವರಿಗೆ ಹೇಳಲಾಗಲಿಲ್ಲವಲ್ಲ ಎಂದು ಅನ್ನಿಸಿತು. ಬಿಸಿಲಿನ ಫಲಕಗಳಲ್ಲಿ ಮಾತ್ರ ಏನೂ ತಿರುಗುವುದಿಲ್ಲವಂತೆ. ಬೆಳಕು ಬಿದ್ದರೆ ಸಾಕಂತೆ. ನಿಮ್ಮ ಅಪ್ಪ ಬಗೆಬಗೆಯಾಗಿ ಬಿಡಿಸಿ ಹೇಳಿದರೂ ಅದು ನನ್ನ ತಲೆಗೆ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ನೀವು ಕಲಿತ ಮೇಲೆ ಹೇಳಿಕೊಡಿ.

ಆಮೇಲೆ ನನಗೆ ಇದೇ ಒಂದು ಹುಚ್ಚಾಯಿತು. ನಿಮ್ಮ ಅಪ್ಪನ ಫೋನಿನಲ್ಲಿ ಒಂದು ಬಣ್ಣದ ಚಿತ್ರ ಬರುತ್ತದೆ. ಈ ಗಳಿಗೆಯಲ್ಲಿ ದೇಶದ ಕರೆಂಟಿನಲ್ಲಿ ಗಾಳಿಯದ್ದೆಷ್ಟು, ಗ್ಯಾಸಿನದ್ದೆಷ್ಟು, ಅಣುವಿನದ್ದೆಷ್ಟು, ಸಮುದ್ರದ ತಳದ ತಂತಿಯಲ್ಲಿ ಬೇರೆ ದೇಶದಿಂದ ಬಂದದ್ದೆಷ್ಟು, ಎಲ್ಲ ತೋರಿಸುತ್ತದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವ ದಿಬ್ಬದ ಗಾಳಿಯಂತ್ರದ ಕರೆಂಟು ನಮ್ಮ ಮನೆಗೇ ಬರುತ್ತದೆಯೇ ಎಂದು ಕೇಳಿದೆ. ಹಾಗೆ ಹೇಳಲಾಗದು, ಎಲ್ಲರೂ ಒಂದೇ ಕೆರೆಗೆ ನೀರು ಬಿಡುತ್ತಾರೆ, ಎಲ್ಲರೂ ಅದೇ ಕೆರೆಯಿಂದ ತುಂಬಿಕೊಳ್ಳುತ್ತಾರೆ, ಯಾರ ಕೊಡಕ್ಕೆ ಯಾವ ಹಳ್ಳದ ನೀರು ಎಂದು ಗೊತ್ತಾಗದು ಎಂದರು. ಆದರೆ ಈ ಕೆರೆಯಲ್ಲಿ ನೀರು ನಿಲ್ಲುವುದಿಲ್ಲವಂತೆ. ಬ್ಯಾಟರಿಯಲ್ಲಿ ಇಡುವ ಸ್ವಲ್ಪ ಬಿಟ್ಟರೆ, ನಾವು ಮಿಕ್ಸಿ ಹಾಕಿದ ಗಳಿಗೆಯಲ್ಲೇ ಎಲ್ಲೋ ಯಾವುದೋ ಚಕ್ರ ಅಷ್ಟು ಹೆಚ್ಚು ದುಡಿಯಬೇಕಂತೆ. ಇದು ನನಗೆ ಹೇಳಿಸಿಕೊಳ್ಳದೆಯೇ ಗೊತ್ತಿತ್ತು. ಪಕ್ಕದ ಹೊಲದವರು ಪಂಪು ಹಾಕಿದರೆ ನಮ್ಮ ಬೀಸುಕಲ್ಲಿನ ದನಿ ಇಳಿಯುತ್ತಿತ್ತು.

ನಮ್ಮ ರಸ್ತೆಯ ತುದಿಯಲ್ಲಿ ಹಳದಿ ಹಲಗೆ ತಗುಲಿಸಿದ ಇಟ್ಟಿಗೆಯ ಪುಟ್ಟ ಕೋಣೆ ಇದೆಯಲ್ಲ, ದೂರದಿಂದ ಎತ್ತರದ ಕಂಬಗಳ ಮೇಲೆ ಬಂದ ಕರೆಂಟನ್ನು ಪಳಗಿಸಿ ಮನೆಗಳಿಗೆ ಹಂಚುವುದು ಅದೇ. ವಾಕಿಂಗ್ ಹೋದಾಗ ಅದರ ಬೇಲಿಯ ಬಳಿ ನಿಂತು ಕೇಳಿಸಿಕೊಳ್ಳುತ್ತೇನೆ. ನಮ್ಮೂರ ಟಿಸಿಯ ಝೇಂಕಾರವೇ, ಅದೇ ಶ್ರುತಿ. ನನ್ನ ಭ್ರಮೆ ಎಂದುಕೊಂಡಿದ್ದೆ. ಭ್ರಮೆಯಲ್ಲ, ಎರಡೂ ದೇಶಗಳಲ್ಲಿ ಕರೆಂಟಿನ ಬಡಿತ ಒಂದೇ, ಸೆಕೆಂಡಿಗೆ ಐವತ್ತು ಸಲ ಎಂದರು ನಿಮ್ಮ ಅಪ್ಪ.

ಇನ್ನು ಮೀನಿನ ವಿಷಯ.

ಫೆಬ್ರವರಿಯ ಶಾಲೆಯ ರಜೆಗೆ ತರಗತಿಯ ಮೀನುತೊಟ್ಟಿಯನ್ನು ಯಾರು ಮನೆಗೆ ಒಯ್ಯುತ್ತೀರಿ ಎಂದು ಟೀಚರು ಕೇಳಿದಾಗ, ಪುಟ್ಟಿ, ನೀನು ಕೈ ಎತ್ತಿದೆ. ಇದು ಸಣ್ಣ ಸಂಗತಿಯಲ್ಲ. ತರಗತಿಯಲ್ಲಿ ನೀನು ಕೈ ಎತ್ತುವುದೇ ಇಲ್ಲ, ಗೊತ್ತಿದ್ದರೂ ಹೇಳುವುದಿಲ್ಲ ಎಂದು ಟೀಚರು ನಿನ್ನ ಅಮ್ಮನಿಗೆ ಪ್ರತಿ ಸಲವೂ ಹೇಳುತ್ತಿದ್ದರು. ಆ ಗುಣ ಎಲ್ಲಿಂದ ಬಂತು ಎಂದು ನಿನ್ನ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಇಡೀ ತರಗತಿಯ ಮೀನುಗಳು ನಿನ್ನನ್ನು ನಂಬಿ ನಮ್ಮ ನಡುಮನೆಗೆ ಬಂದವು. ನೀಲಿ ಗೆರೆಯ ಸಣ್ಣವು ಒಂದು ಹಿಂಡು, ತಳದಲ್ಲಿ ಮೀಸೆಯ ದಪ್ಪನೆಯದೊಂದು. ಬೆಚ್ಚಗಿನ ದೇಶದ ಮೀನುಗಳು, ನೀರು ತಣ್ಣಗಾದರೆ ಬದುಕುವುದಿಲ್ಲ ಎಂದು ನೀನು ನನಗೆ ಪಾಠ ಮಾಡಿದೆ. ನೀರು ಕಾಯಿಸಲು ಒಂದು ಕೊಳವೆ, ಗಾಳಿಯೂದಲು ಒಂದು ಪಂಪು, ಎರಡೂ ಕರೆಂಟಿನವು.

ರಜೆಯ ನಡುವಿನ ಒಂದು ದಿನ ಬಿರುಗಾಳಿ ಎದ್ದಿತು. ನಿನ್ನ ಅಮ್ಮ ಆಸ್ಪತ್ರೆಯಲ್ಲಿ, ಅವಳ ರೋಟಾದಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, ಅವತ್ತು ಇಡೀ ದಿನದ ಡ್ಯೂಟಿ. ಅಪ್ಪ ನಿಮ್ಮಿಬ್ಬರನ್ನೂ ಕರೆದುಕೊಂಡು ಪಕ್ಕದ ನಗರದ ಫಾಲೋಫೀಲ್ಡಿನಲ್ಲಿ ಓದುತ್ತಿದ್ದ ನೆಂಟರ ಹುಡುಗಿಗೆ ರೂಮು ಬದಲಾಯಿಸಲು ನೆರವಾಗಲು ಹೋಗಿದ್ದರು. ಹೊರಡುವಾಗ ನೀನು ಬಾಗಿಲಿನಿಂದ ತಿರುಗಿ ಬಂದು, "ಅಜ್ಜಿ, ಮೀನು ನೋಡ್ಕೋತೀಯಲ್ಲ?" ಎಂದೆ.

"ನೋಡ್ಕೋತೀನವಾ, ನೀ ಹೋಗಿ ಬಾ."

ಮಧ್ಯಾಹ್ನದ ಊಟ ಮುಗಿಸಿ ಕುಳಿತಿದ್ದೆ. ಗಾಳಿಗೆ ಕಿಟಕಿಗಳು ನಡುಗುತ್ತಿದ್ದವು. ತಲೆಯ ಮೇಲಿನ ಬಲ್ಬು ಕಣ್ಣು ಮಿಟುಕಿಸಿತು. ಇನ್ನೊಮ್ಮೆ ಮಿಟುಕಿಸಿತು.

ನಾನು ಯೋಚಿಸಲೇ ಇಲ್ಲ. ಎದ್ದು ಹೋಗಿ, ಮೆಟ್ಟಿಲ ಕೆಳಗಿನ ಕಪಾಟು ತೆರೆದು, ನಿಮ್ಮ ಅಪ್ಪ ಹಿಂದೊಮ್ಮೆ ತೋರಿಸಿದ್ದ ಮೇನ್ ಸ್ವಿಚ್ಚನ್ನು ಕೆಳಗೆ ಇಳಿಸಿಬಿಟ್ಟೆ. ಮನೆ ಗಪ್ಪೆಂದಿತು. ಬಂದು ನಡುಮನೆಯ ಬಲ್ಬಿನ ಕೆಳಗೆ ಕುಳಿತು, ಬಲ್ಬು ನೋಡತೊಡಗಿದೆ. ಬೆಳಕು ನೆಟ್ಟಗೆ ನಿಂತ ಮೇಲೆ ಮೇನ್ ಏರಿಸುವುದು, ಅದೇ ಲೆಕ್ಕ.

ಮಕ್ಕಳೇ, ನೀವು ಈಗಾಗಲೇ ನಗುತ್ತಿರಬಹುದು. ಊರಿನಲ್ಲಿ ಗಿರಣಿಯ ಮೇನ್ ಬೇರೆ, ಮನೆಯ ಬಲ್ಬಿನ ತಂತಿ ಬೇರೆ. ಮೇನ್ ಇಳಿಸಿದರೂ ಬಲ್ಬು ಲೈನಿನ ಸುದ್ದಿ ಹೇಳುತ್ತಿತ್ತು. ಇಲ್ಲಿ ಬಲ್ಬೂ ಅದೇ ಮೇನಿನ ಹೊಟ್ಟೆಯೊಳಗಿನದು. ನಾನು ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡು, ಬರುವವರು ಇನ್ನೂ ಏಕೆ ಬರಲಿಲ್ಲ ಎಂದು ಕಾಯುವವರ ಹಾಗೆ ಕುಳಿತಿದ್ದೆ.

ಕಾಯುವುದು ನನಗೆ ಕಷ್ಟದ ಕೆಲಸವಲ್ಲ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ತುಂಬಿಸಿದ್ದ ಚಹಾದ ನೀರಿತ್ತು, ಹೊದೆಯಲು ಶಾಲು ಇತ್ತು. ಆದರೆ ಸ್ವಲ್ಪ ಹೊತ್ತಿಗೆ ಕಾಲು ತಣ್ಣಗಾಯಿತು. ಮನೆ ಬೆಚ್ಚಗಿಡುವ ಯಂತ್ರಕ್ಕೂ ಕರೆಂಟು ಬೇಕಲ್ಲ. ಆಗ ಮೀನು ನೆನಪಾಯಿತು. ತೊಟ್ಟಿಯ ಬಳಿ ಹೋದರೆ ಗುಳ್ಳೆ ಏಳುತ್ತಿರಲಿಲ್ಲ. ಸಣ್ಣ ಮೀನುಗಳು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಮೀಸೆಯದ್ದು ತಳದಲ್ಲಿ ಕಲ್ಲಿನ ಹಾಗೆ ಬಿದ್ದಿತ್ತು. ಬೆರಳು ಅದ್ದಿದೆ, ನೀರು ಬೆಳಗಿನ ಹಾಗಿರಲಿಲ್ಲ.

ಫೋನು ಕೈಗೆತ್ತಿಕೊಂಡೆ. ನನ್ನ ಫೋನು ಮನೆಯ ವೈಫೈ ಇದ್ದರೆ ಮಾತ್ರ ಮಾತನಾಡುತ್ತದೆ. ವೈಫೈ ಕೂಡ ಸತ್ತಿತ್ತು. ನನ್ನ ಶಾಲನ್ನು ತೊಟ್ಟಿಗೆ ಸುತ್ತಿದೆ. ಫ್ಲಾಸ್ಕಿನ ಬಿಸಿನೀರನ್ನು ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ತೊಟ್ಟಿಯಲ್ಲಿ ತೇಲಿಬಿಟ್ಟೆ. ಚಳಿಯಲ್ಲಿ ಕೂಸಿಗೆ ಮಾಡುವ ಹಾಗೆ. ಪುಟ್ಟಿ, ನೀನು ಎತ್ತಿದ ಕೈ ನನ್ನ ಕಣ್ಣ ಮುಂದೆ ಬಂತು. ಇದೊಂದು ಕೆಟ್ಟರೆ ಆ ಕೈ ಇನ್ನೊಮ್ಮೆ ಮೇಲೇಳುವುದಿಲ್ಲ. ನನಗೆ ಅದು ಗೊತ್ತು, ಶಾಲೆಯಲ್ಲಿ ಒಮ್ಮೆ ಎತ್ತಿ ನಗೆಪಾಟಲಾದ ನನ್ನ ಕೈಯ ಕತೆಯೂ ಹಾಗೆಯೇ ಆದದ್ದು.

ಕಿಟಕಿಯಿಂದ ದಿಬ್ಬದ ಕಡೆ ನೋಡಿದೆ. ಮಳೆಯ ಮಬ್ಬಿನಲ್ಲಿ ಗಾಳಿಯಂತ್ರದ ರೆಕ್ಕೆಗಳು ಸುಮ್ಮನೆ ಸುತ್ತುತ್ತಿದ್ದವು. ಆಗ ನನಗೆ ಒಂದು ಪ್ರಶ್ನೆ ಬಂತು. ಗಾಳಿಯಿಂದ ಕರೆಂಟು ಬರುವುದಾದರೆ, ಇಂಥ ಗಾಳಿಯ ದಿನ ಕರೆಂಟು ಏಕಿಲ್ಲ? ಮರ ಬಿದ್ದು ತಂತಿ ಹರಿದಿರಬಹುದು. ಹಾಗಿದ್ದರೆ ರಸ್ತೆಗೆಲ್ಲ ಇರಬಾರದು. ರಸ್ತೆಗೆ ಇದೆಯೋ ಇಲ್ಲವೋ ನಾನು ನೋಡಿಯೇ ಇರಲಿಲ್ಲ.

ಮುಂಬಾಗಿಲು ತೆರೆದೆ. ಗಾಳಿ ಸೆರಗನ್ನು ಕಿತ್ತುಕೊಂಡಿತು. ಪಕ್ಕದ ಮನೆಯ ಕಿಟಕಿಯಲ್ಲಿ ಮೇಜಿನ ದೀಪ ಉರಿಯುತ್ತಿತ್ತು, ಸ್ವಲ್ಪವೂ ಅಲುಗಾಡದೆ.

ಆ ಮನೆಯಲ್ಲಿ ನನ್ನ ಹಾಗೆಯೇ ಗಂಡನಿಲ್ಲದ ಒಬ್ಬ ಮುದುಕಿ ಇರುತ್ತಾರೆ ಎಂದು ನಿಮಗೆ ಗೊತ್ತು. ನಾನು ಬಂದಂದಿನಿಂದ ನಮ್ಮಿಬ್ಬರ ನಡುವೆ ನಡೆದ ಮಾತೆಂದರೆ ಬೇಲಿಯಾಚೆಯಿಂದ ಅವರ "ಹಲೋ ಲವ್", ಈಚೆಯಿಂದ ನನ್ನ ನಗು. ಈ ಸೀಮೆಯವರು ಯಾರನ್ನಾದರೂ ಹಾಗೆ ಲವ್ ಎಂದೇ ಕರೆಯುತ್ತಾರೆ. ನನ್ನ ಇಂಗ್ಲಿಷು ಹಳ್ಳಿಯ ಶಾಲೆಯದ್ದು, ಪುಸ್ತಕದಲ್ಲಿದ್ದರೆ ಓದಬಲ್ಲೆ, ಬಾಯಿಗೆ ಬರುವುದಿಲ್ಲ. ಅವರ ಬಾಗಿಲ ಮುಂದೆ ನಿಂತು, ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತ ನೆನೆದೆ. ಕೊನೆಗೆ ಬಾಗಿಲು ಬಡಿದೆ.

"ಪ್ಲೀಸ್. ಮೈ ಹೌಸ್ ನೋ ಕರೆಂಟ್," ಎಂದೆ. "ಫಿಶ್."

"ಫಿಶ್?" ಎಂದರು ಅವರು. "ಕರೆಂಟ್ ಇದೆಯಲ್ಲ ಲವ್, ನನ್ನ ಕೆಟಲ್ ಈಗಷ್ಟೇ ಕುದೀತು. ಇರು, ಬಂದೆ." ಮನೆಯ ಚಪ್ಪಲಿಯಲ್ಲೇ, ಮೇಲೊಂದು ಮಳೆಯ ಕೋಟು ಎಳೆದುಕೊಂಡು ನನ್ನ ಹಿಂದೆಯೇ ಬಂದರು. ಶಾಲು ಹೊದ್ದ ತೊಟ್ಟಿಯನ್ನು ನೋಡಿದರು. ಮೆಟ್ಟಿಲ ಕೆಳಗೆ ಬಗ್ಗಿದರು.

"ಇದನ್ನ ಯಾರು ಇಳಿಸಿದ್ದು?"

"ಮಿ."

"ಯಾಕೆ ಲವ್?"

ತ್ರೀ ಫೇಸು, ಗಿರಣಿ, ಮೋಟರು, ಇವನ್ನೆಲ್ಲ ಯಾವ ಇಂಗ್ಲಿಷಿನಲ್ಲಿ ಹೇಳಲಿ? ಬಲ್ಬಿನ ಕಡೆ ಬೆರಳು ತೋರಿಸಿದೆ. "ಬಲ್ಬ್. ಐ ವೇಟಿಂಗ್."

ಅವರು ಬಲ್ಬು ನೋಡಿದರು, ಸ್ವಿಚ್ಚು ನೋಡಿದರು, ಗೋಡೆಗೆ ಒರಗಿಕೊಂಡು ನಕ್ಕರು. "ನಲ್ಲಿ ಮುಚ್ಚಿಟ್ಟು ಬಕೆಟ್ ಯಾವಾಗ ತುಂಬುತ್ತೆ ಅಂತ ಕೂತಿದೀಯಲ್ಲ, ತಾಯಿ!" ಅವರು ಹೇಳಿದ್ದು ಇಂಗ್ಲಿಷಿನಲ್ಲೇ. ಆದರೆ ನಲ್ಲಿಯೂ ಬಕೆಟ್ಟೂ ಅರ್ಥವಾದ ಕೂಡಲೇ ನನಗೆ ಎಲ್ಲವೂ ಅರ್ಥವಾಗಿ, ನಾನೂ ನಗತೊಡಗಿದೆ. ಅವರು ಸ್ವಿಚ್ಚನ್ನು ಮೇಲೇರಿಸಿದರು.

ಬಲ್ಬು ಹತ್ತಿತು. ಫ್ರಿಜ್ಜು ಗೊರ್ ಎಂದಿತು. ಶಾಲಿನ ಕೆಳಗೆ ಪಂಪು ಗುಳುಗುಳು ಎಂದಿತು.

"ಬಂತು!" ಎಂದು ಕೂಗಿದೆ. ಆ ದನಿ ಎಷ್ಟು ಜೋರಾಗಿತ್ತೆಂದರೆ ಅವರು ಬೆಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡರು. ನಿಮ್ಮ ಅಜ್ಜ ಹೋದ ಮೇಲೆ ಆ ಮಾತನ್ನು ನಾನು ಕೂಗಿರಲಿಲ್ಲ.

ಮುಂದಿನ ಗಾಜಿನ ಮೇಲಿಂದ ಶಾಲು ಎತ್ತಿ ನೋಡಿದರೆ, ಸಣ್ಣ ಮೀನುಗಳು ಒಂದೊಂದೇ ಮೂಲೆ ಬಿಡುತ್ತಿದ್ದವು. ಮೀಸೆಯದ್ದು ಏಳಲಿಲ್ಲ. ನಾವಿಬ್ಬರೂ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆವು. ನಾನು ಚಹಾ ಮಾಡಿದೆ, ಚಕ್ಕುಲಿ ಕೊಟ್ಟೆ. ಅವರು ಮಾತನಾಡುತ್ತಿದ್ದರು, ನಾನು ಅರ್ಧ ತಿಳಿದುಕೊಳ್ಳುತ್ತಿದ್ದೆ. ಅವರ ಅಪ್ಪ ಕಲ್ಲಿದ್ದಲಿನ ಗಣಿಯಲ್ಲಿ ದುಡಿದವರಂತೆ. ಚಿಕ್ಕವರಿದ್ದಾಗ ಯಾರಾದರೂ ಲೈಟು ಆರಿಸದೆ ಕೋಣೆಯಿಂದ ಹೊರಬಂದರೆ ಅವರ ಅಮ್ಮ, "ಅಪ್ಪ ಅಲ್ಲಿ ಕೆಳಗಿದ್ದಾರೆ, ನೆನಪಿರಲಿ" ಎಂದು ಗದರುತ್ತಿದ್ದರಂತೆ. ಆ ಗಣಿಯೂ ಈಗಿಲ್ಲ, ಆ ಕಲ್ಲಿದ್ದಲು ಸುಡುತ್ತಿದ್ದ ಒಲೆಗಳೂ ಇಲ್ಲ. ಹೊರಗೆ ಕತ್ತಲಾಗುತ್ತಿತ್ತು. ಅವರು ಎದ್ದು ತೊಟ್ಟಿಯ ದೀಪದ ಗುಂಡಿ ಒತ್ತಿದರು. ನನ್ನ ಕೈ ಎದ್ದಿತು. ಅವರು ಏನೆಂದು ಕೇಳಲಿಲ್ಲ. ಅದೇ ಹೊತ್ತಿಗೆ ಮೀಸೆಯ ಮೀನು ತಳದಿಂದ ಧೂಳೆಬ್ಬಿಸಿ ಮೇಲೆ ಬಂದು, ಗಾಜಿಗೆ ಬಾಯಿ ಹಚ್ಚಿ ತೆರೆದು ಮುಚ್ಚಿತು.

"ಅದಕ್ಕೆ ಹಸಿವು ಲವ್, ಅಷ್ಟೇ," ಎಂದರು.

ನೀವು ಬಂದಾಗ ನಡೆದದ್ದು ನಿಮಗೆ ಗೊತ್ತಿದೆ. ಪುಟ್ಟಿ, ನೀನು ಶೂ ಬಿಚ್ಚದೆಯೇ ತೊಟ್ಟಿಯ ಬಳಿ ಓಡಿ, ಶಾಲು ಸರಿಸಿ, ಒಂದೊಂದನ್ನೂ ನೋಡಿ ಉಸಿರು ಬಿಟ್ಟೆ. ಆಮೇಲೆ ಆಸ್ಪತ್ರೆಯಿಂದ ಬಂದ ನಿನ್ನ ಅಮ್ಮ ಕೇಳಿದಳು, "ಮೇನ್ ಯಾಕ ಇಳಿಸಿದಿ ಅವ್ವಾ?"

"ಬಲ್ಬ್ ಮಿಟಕ್ಯಾಡ್ತು. ಮೋಟರ್ ಸುಡಬಾರದಂತ."

"ಯಾವ ಮೋಟರ್?" ಎಂದಳು. ಎನ್ನುತ್ತಲೇ ಅವಳಿಗೆ ಹೊಳೆಯಿತು. ಆ ಗಿರಣಿಯ ಸಪ್ಪಳದಲ್ಲಿ ಅವಳೂ ಅಭ್ಯಾಸ ಮಾಡಿ ಡಾಕ್ಟರಾದವಳು. ನನ್ನ ಪಕ್ಕದಲ್ಲಿ ಕುಳಿತು, ನನ್ನ ತಣ್ಣನೆಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ತಿಕ್ಕುತ್ತ, "ಇಲ್ಲಿ ಯಾವ ಮೋಟರೂ ಸುಡೂದಿಲ್ಲ ತಗೋ," ಎಂದಳು.

ರಜೆ ಮುಗಿದು ಮೀನುಗಳು ಎಲ್ಲವೂ ಜೀವಂತವಾಗಿ ಶಾಲೆಗೆ ಮರಳಿದವು. ಟೀಚರು ಹೇಗಿತ್ತು ಎಂದು ಕೇಳಿದಾಗ ನೀನು ಕೈ ಎತ್ತಿ, ಅಜ್ಜಿಯ ಗಿರಣಿಯಿಂದ ಹಿಡಿದು ಮೀಸೆಯ ಮೀನಿನವರೆಗೆ ಎಲ್ಲವನ್ನೂ ಹೇಳಿದೆಯಂತೆ. ತರಗತಿಯೆಲ್ಲ ನಕ್ಕಿತಂತೆ, ನೀನೂ ನಕ್ಕೆಯಂತೆ.

ಈಗ ಸಂಜೆ ಲೈಟು ಹಾಕುವಾಗ ನೀನು ಅಪ್ಪನ ಫೋನು ನೋಡಿ, "ಅಜ್ಜಿ, ಇವತ್ತು ಜಾಸ್ತಿ ಗಾಳಿ" ಎಂದೋ "ಇವತ್ತು ಗ್ಯಾಸು, ಸಾರಿ" ಎಂದೋ ಹೇಳುತ್ತೀಯ. ನಾನು ಎಲ್ಲದಕ್ಕೂ ಕೈಮುಗಿಯುತ್ತೇನೆ. ಯಾವ ಹಳ್ಳದ ನೀರೆಂದು ತಿಳಿಯದ ಮೇಲೆ ಎಲ್ಲ ಹಳ್ಳಕ್ಕೂ ಒಂದೊಂದು ಸಲ್ಲಲಿ. ಮೊನ್ನೆ ಮತ್ತೆ ಗಾಳಿ ಎದ್ದು ಬಲ್ಬು ಮಿಟುಕಿಸಿತು. ನನ್ನ ಕಾಲು ಮೆಟ್ಟಿಲ ಕಡೆ ಎರಡು ಹೆಜ್ಜೆ ಹಾಕಿಯೇ ಬಿಟ್ಟಿತ್ತು. ಆಗ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅವರು ಮಳೆಯಲ್ಲೇ ತಲೆ ಹೊರಗೆ ಹಾಕಿ, ತಮ್ಮ ಮೇಜಿನ ದೀಪವನ್ನು ಎತ್ತಿ ತೋರಿಸುತ್ತ, ನಮ್ಮ ಗದಗ ಸೀಮೆಯವರು ಯಾರೂ ಹೇಳದ ಧಾಟಿಯಲ್ಲಿ ಕೂಗಿದರು:

"ಬಂತು, ಲವ್! ಬಂತು!"